ಅತ್ತಿಗೆ ಕೊಟ್ಟ ಮಾತು, ಅತ್ತಿಗೆ ಹಾಕಿದ ಷರತ್ತು

ನನ್ನ ಅಣ್ಣ ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವನು. ಮೈಕು ಹಿಡಿಯುವುದೆಂದರೆ ಅವನಿಗೆ ಅವಮಾನ. ಈರುಳ್ಳಿ ಮೂಟೆಯ ಮೇಲೆ ಒಂದು ಕಾಲಿಟ್ಟು ದನಿ ಎತ್ತಿದರೆ ಮಂಡಿಯ ಆಚೆ ತುದಿಯಲ್ಲಿ ತಕ್ಕಡಿ ಹಿಡಿದವನೂ ತಿರುಗಿ ನೋಡುತ್ತಿದ್ದ. ಊಟಕ್ಕೆ ಕೂತಾಗಲೂ ಅವನ ಬಾಯಿಗೆ ಬಿಡುವಿರಲಿಲ್ಲ. ಇಂಥವನಿಗೆ ಐವತ್ತು ದಾಟುತ್ತಿದ್ದಂತೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಜೋತುಬಿದ್ದವು, ನಾಲಿಗೆ ಹೇಳಿದಂತೆ ಕೇಳದಾಯಿತು. ಬುದ್ಧಿಗೆ ಏನೂ ಆಗಿರಲಿಲ್ಲ. ಕಷ್ಟ ಇದ್ದದ್ದೇ ಅಲ್ಲಿ. ಹೇಳಬೇಕಾದ್ದೆಲ್ಲ ಒಳಗೇ ಕುದಿಯುತ್ತಿತ್ತು, ಹೊರಗೆ ಬರುತ್ತಿದ್ದದ್ದು ಒಂದು ‘ಆ’ ಮಾತ್ರ.

ಆದರೆ ನಾನು ಹೇಳಹೊರಟಿರುವುದು ಅಣ್ಣನ ಕಥೆಯನ್ನಲ್ಲ, ಅತ್ತಿಗೆಯ ಕಥೆಯನ್ನು.

ಅತ್ತಿಗೆ ನೀರು ಸರಬರಾಜು ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿದ್ದಾರೆ. ಮನೆಮನೆಗೆ ಬರುವ ನೀರಿನ ಬಿಲ್ಲು ಅವರು ಬರೆದ ಪ್ರೋಗ್ರಾಂನಿಂದಲೇ ಹೊರಬೀಳುತ್ತದೆ. ಬಿಲ್ಲು ಜಾಸ್ತಿ ಬಂದಾಗಲೆಲ್ಲ ನೆಂಟರಿಷ್ಟರು ಅವರನ್ನೇ ಬೈಯುತ್ತಾರೆ. ಮೆಲುದನಿ, ಕಡಿಮೆ ಮಾತು. “ಮನೇಲಿರೋ ಮಾತನ್ನೆಲ್ಲ ನಾನೇ ಖರ್ಚು ಮಾಡ್ಬಿಡ್ತೀನಿ, ಅವಳಿಗೆ ಉಳಿಯೋದೇ ಇಲ್ಲ,” ಎಂದು ಅಣ್ಣನೇ ನಗುತ್ತಿದ್ದ.

ಆಸ್ಪತ್ರೆಯವರು ಅಣ್ಣನಿಗೆ ಮಾತಾಡುವ ಹಲಗೆಯೊಂದನ್ನು ಎರವಲು ಕೊಟ್ಟಿದ್ದರು. ಪರದೆಯ ಮೇಲಿನ ಚಿತ್ರ ಮುಟ್ಟಿದರೆ ಅದು ಮಾತಾಡುತ್ತದೆ. ‘ನನಗೆ ನೀರು ಬೇಕು.’ ‘ನನಗೆ ನೋವಾಗುತ್ತಿದೆ.’ ‘ಧನ್ಯವಾದಗಳು.’ ಥೇಟ್ ವಾರ್ತೆ ಓದುವವರ ದನಿ. ಒಂದು ಬೆಳಿಗ್ಗೆ ಅಣ್ಣ ಅದನ್ನು ಎಡಗೈಯಿಂದ ಮಂಚದ ಕೆಳಕ್ಕೆ ತಳ್ಳಿಬಿಟ್ಟ. ಅತ್ತಿಗೆ ಎತ್ತಿಕೊಂಡು, ಬೇರೆ ಮಾತು ಸೇರಿಸಲು ದಾರಿಯಿದೆಯೇ ಎಂದು ಅದರೊಳಗೆಲ್ಲ ತಡಕಾಡಿದರು. ಇರಲಿಲ್ಲ. ಮಾಡಿದವರು ಬೀಗ ಜಡಿದಿದ್ದರು.

“ಇವರು ಹುಟ್ಟಿದಾಗಿಂದ ಯಾರಿಗೂ ‘ಧನ್ಯವಾದಗಳು’ ಅಂದವರಲ್ಲ,” ಎಂದರು ಅತ್ತಿಗೆ. “ಇವರಿಗೆ ಬೈಯೋಕೆ ಬರೋ ಹಲಗೆ ಬೇಕು.”

ಅಂಥದ್ದನ್ನು ಅವರೇ ಬರೆದರು. ಕಚೇರಿಯಿಂದ ಬಂದು, ಅಣ್ಣನಿಗೆ ಊಟ ಮಾಡಿಸಿ, ಅವನ ಪಕ್ಕದಲ್ಲೇ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂರುತ್ತಿದ್ದರು. ಚಿತ್ರಗಳನ್ನು ದೂರದೇಶದ ಒಬ್ಬ ಚಿತ್ರಕಲಾ ಶಿಕ್ಷಕಿ ಬರೆದು, ಹೆಸರು ಹಾಕಿ ಬಳಸಿಕೊಳ್ಳಿ ಎಂದು ಎಲ್ಲರಿಗೂ ಬಿಟ್ಟುಕೊಟ್ಟಿದ್ದರು; ಅವನ್ನು ತೆಗೆದುಕೊಂಡರು. ದನಿ ನನ್ನದು. ನನ್ನ ದನಿಯೂ ಅಣ್ಣನ ದನಿಯೂ ಒಂದೇ ಅಚ್ಚು. ಫೋನಿನಲ್ಲಿ ನಮ್ಮಮ್ಮನೇ ಮೋಸಹೋಗುತ್ತಿದ್ದಳು.

ನನ್ನದು ಕನ್ನಡಕದ ಅಂಗಡಿ. ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಯಂತ್ರವಿದೆ. ಭಾನುವಾರ ಯಂತ್ರ ನಿಲ್ಲಿಸಿ, ಗೋಡೆಗೆಲ್ಲ ಕಂಬಳಿ ತೂಗುಹಾಕಿ, ಅತ್ತಿಗೆ ಹೇಳಿದ ಪದಗಳನ್ನೆಲ್ಲ ಓದುತ್ತಿದ್ದೆ. ಎದುರಿಗೆ ಕುರ್ಚಿಯಲ್ಲಿ ಅಣ್ಣ. ಹೇಳಿದ ವರಸೆ ಅವನಿಗೆ ಹಿಡಿಸದಿದ್ದರೆ ಎಡಗೈ ಎತ್ತುತ್ತಿದ್ದ, ಮತ್ತೆ ಹೇಳಬೇಕು. ‘ಬದನೆಕಾಯಿ’ ಎಂಬ ಒಂದು ಪದಕ್ಕೆ ಅರ್ಧ ಬೆಳಗು ಹೋಯಿತು. ಮಂಡಿಯಲ್ಲಿ ಅದನ್ನು ಹೇಳುವ ಧಾಟಿಯೇ ಬೇರೆಯಂತೆ. ಅವನು ಪಟ್ಟುಹಿಡಿದು ಹಾಕಿಸಿಕೊಂಡ ಒಂದು ವಾಕ್ಯ, “ಮಧ್ಯೆ ಬಾಯಿ ಹಾಕ್ಬೇಡ, ನಂದಿನ್ನೂ ಮುಗಿದಿಲ್ಲ.” ಆ ದಿನ ನನಗೆ ನೆಗಡಿ. ವಾಕ್ಯಕ್ಕೆ ಮುಂಚೆ ಗಂಟಲು ಸರಿಮಾಡಿಕೊಂಡದ್ದೂ ಸೇರಿಕೊಂಡುಬಿಟ್ಟಿತು. “ಇನ್ನೊಂದ್ಸಲ ಹೇಳ್ತೀನಿ,” ಎಂದೆ. ಅಣ್ಣ ಬೇಡವೆಂದು ತಲೆ ಆಡಿಸಿದ. ಜಗಳಕ್ಕೆ ಇಳಿಯುವ ಮುಂಚೆ ಅವನೂ ಹಾಗೇ ಗಂಟಲು ಸರಿಮಾಡಿಕೊಳ್ಳುತ್ತಿದ್ದ.

ಹಲಗೆ ಸಿದ್ಧವಾದ ದಿನ ಅವನು ಹೆಂಡತಿಗೆ ಆಡಿದ ಮೊದಲ ಮಾತು, “ಟೀ ತಣ್ಣಗಾಗಿದೆ.” ಅತ್ತಿಗೆ ಅಳುತ್ತಲೇ ಎದ್ದು ಹೋಗಿ ಟೀ ಬಿಸಿಮಾಡಿಕೊಂಡು ಬಂದರು.

ಅದಾದ ಮೇಲೆ ಒಂದು ದಿನ ಅಂಗಡಿಗೆ ಬಂದು, “ಇದನ್ನ ಎಲ್ಲರಿಗೂ ಬಿಟ್ಟುಕೊಡಬೇಕು ಅಂತಿದೀನಿ. ಸೋರ್ಸ್ ಕೋಡ್ ಸಮೇತ. ಅಂದ್ರೆ ನಾನು ಬರೆದ ಮೂಲ ಬರಹ, ಯಾರು ಬೇಕಾದ್ರೂ ಓದಿ ತಿದ್ದೋ ಹಾಗೆ. ನಿನ್ನ ದನಿಯೂ ಅದರ ಜೊತೆ ಹೋಗುತ್ತೆ. ಅದಕ್ಕೆ ನಿನ್ನ ಒಪ್ಪಿಗೆ ಬೇಕು,” ಎಂದರು.

“ಪುಕ್ಕಟೆ ಕೊಡ್ತೀರಾ ಅತ್ತಿಗೆ?”

“ಪುಕ್ಕಟೆ ಅನ್ನಬೇಡ, ಷರತ್ತಿನ ಮೇಲೆ ಅನ್ನು. ಕೆಲವರು ‘ನನ್ನ ಹೆಸರೊಂದು ಅಳಿಸ್ಬೇಡಿ, ಮಿಕ್ಕಿದ್ದು ಏನಾದ್ರೂ ಮಾಡ್ಕೊಳ್ಳಿ’ ಅಂತ ಲೈಸೆನ್ಸ್ ಕೊಡ್ತಾರೆ. ಅದೂ ಒಳ್ಳೇದೇ. ನಾನು ಆರಿಸಿರೋ ಲೈಸೆನ್ಸಲ್ಲಿ ಇನ್ನೊಂದು ಮಾತಿದೆ. ಬಳಸಿ, ತಿದ್ದಿ, ನಿಮ್ಮ ಪಾಡಿಗೆ ಮನೇಲಿ ಇಟ್ಕೊಳ್ಳಿ, ಯಾರಿಗೂ ಲೆಕ್ಕ ಕೊಡಬೇಕಿಲ್ಲ. ಆದ್ರೆ ಇನ್ನೊಬ್ಬರ ಕೈಗೆ ದಾಟಿಸುವಾಗ, ನಿಮಗೆ ಏನೇನು ಸಿಕ್ಕಿತ್ತೋ ಅದೆಲ್ಲ ಅವರಿಗೂ ಸಿಗಬೇಕು. ಮೂಲ ಬರಹ, ಅದರಲ್ಲಿ ನೀವು ಮಾಡಿದ ತಿದ್ದುಪಡಿ, ಜೊತೆಗೆ ಇದೇ ಷರತ್ತು.”

“ಯಾರಾದ್ರೂ ಮಾರ್ಕೊಂಡ್ರೆ?”

“ಧಾರಾಳವಾಗಿ ಮಾರ್ಲಿ. ಬೀಗ ಹಾಕೋ ಹಾಗಿಲ್ಲ, ಅಷ್ಟೆ.”

ನನಗೆ ಅದರ ತಲೆಬುಡ ಪೂರ್ತಿ ತಿಳಿಯಲಿಲ್ಲ. ಅತ್ತಿಗೆ ಹೇಳಿದ್ದಾರೆಂದ ಮೇಲೆ ಸರಿಯಿರುತ್ತದೆ ಎಂದು ಒಪ್ಪಿದೆ.

ವರ್ಷಗಳು ಉರುಳಿದವು. ಎಲ್ಲೆಲ್ಲಿಯವರೋ ಅತ್ತಿಗೆಗೆ ಬರೆಯುತ್ತಿದ್ದರು. ಒಬ್ಬರು ಅಕ್ಷರ ದೊಡ್ಡದು ಮಾಡಿದ್ದರು, ಇನ್ನೊಬ್ಬರು ಬ್ಯಾಟರಿ ಬೇಗ ಮುಗಿಯದಂತೆ ತಿದ್ದಿದ್ದರು. ಬಂದದ್ದನ್ನೆಲ್ಲ ಅತ್ತಿಗೆ ಓದಿ, ಒಪ್ಪಿದ್ದನ್ನು ಸೇರಿಸಿ, ತಿದ್ದಿಕೊಟ್ಟವರ ಹೆಸರು ಬರೆದಿಡುತ್ತಿದ್ದರು. ನಮ್ಮ ಮನೆಯ ಹಲಗೆ ಹೀಗೆ ಯಾರ‍್ಯಾರದೋ ಕೈಯಿಂದ ಚುರುಕಾಗುತ್ತ ಹೋಯಿತು.

ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಒಬ್ಬರು ತಾತ ಮೊಮ್ಮಗಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಬಂದರು. ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ಜೀವಮಾನ ಕಳೆದು ನಿವೃತ್ತರಾದವರು. ಹುಡುಗಿಗೆ ಹತ್ತು-ಹನ್ನೊಂದಿರಬಹುದು. ಕೈಕಾಲು ಅವಳ ಹಿಡಿತದಲ್ಲಿರಲಿಲ್ಲ, ಮಾತೂ ಬರುತ್ತಿರಲಿಲ್ಲ. ಕುರ್ಚಿಗೆ ಕಂಬಿ ಬಿಗಿದು ಅವಳ ಮುಖದ ಮುಂದೆ ಒಂದು ಪರದೆ ನಿಲ್ಲಿಸಿದ್ದರು. ನಾನು ಫ್ರೇಮುಗಳನ್ನು ಹರಡಿದೆ. ತಾತ ಕಂದು ಬಣ್ಣದ್ದೊಂದನ್ನು ಎತ್ತಿ, “ಇದೇ ಇರ್ಲಿ ಬಿಡಿ, ಗಟ್ಟಿಯಾಗಿದೆ,” ಎಂದರು.

ಹುಡುಗಿ ಪರದೆಯನ್ನೇ ನೆಟ್ಟ ನೋಟದಲ್ಲಿ ನೋಡಿದಳು. ಪರದೆ ಗಂಟಲು ಸರಿಮಾಡಿಕೊಂಡಿತು. “ಮಧ್ಯೆ ಬಾಯಿ ಹಾಕ್ಬೇಡ, ನಂದಿನ್ನೂ ಮುಗಿದಿಲ್ಲ,” ಎಂದಿತು. ಆಮೇಲೆ, “ಕೆಂಪು.”

ಅದು ನನ್ನದೇ ದನಿ. ನನ್ನದೇ ನೆಗಡಿ.

ಎಲ್ಲಿ ಕೊಂಡದ್ದೆಂದು ವಿಚಾರಿಸಿದೆ. ಊರಿನ ಹೊರವಲಯದ ಒಂದು ಚಿಕ್ಕ ಕಂಪನಿ ಮಾಡಿ ಮಾರುತ್ತಿದೆಯಂತೆ. ಕೈಯಿಂದ ಮುಟ್ಟುವುದೂ ಬೇಡ, ಚಿತ್ರದ ಕಡೆ ನೋಡಿದರೆ ಸಾಕು, ಕ್ಯಾಮೆರಾ ಕಣ್ಣಿನ ಚಲನೆ ಹಿಡಿಯುತ್ತದೆ. “ಯಂತ್ರವೇನೋ ಬಂಗಾರದಂಥದು,” ಎಂದರು ತಾತ. “ಆದ್ರೆ ಹೆಣ್ಣುಮಗೂಗೆ ಗಂಡಸಿನ ದನಿ. ಶಾಲೇಲಿ ಎಲ್ಲ ಇವಳನ್ನ ‘ಅಂಕಲ್’ ಅಂತ ಕರೀತಾರೆ. ದನಿ ಬದಲಾಯಿಸಿಕೊಡಿ ಅಂದ್ರೆ ಕಂಪನಿಯೋರು ಆಗಲ್ಲ ಅಂದ್ಬಿಟ್ರು. ಒಳಗೆ ಕೈ ಹಾಕೋ ಹಾಗೇ ಇಲ್ವಂತೆ.”

“ತಾತಾ, ಆ ಅಂಕಲ್ ನಾನೇ,” ಎಂದೆ.

ತಾತ ಕಣ್ಣು ಬಾಯಿ ಬಿಟ್ಟುಕೊಂಡು ನೋಡಿದರು. ಹುಡುಗಿಯ ಕಣ್ಣು ಪರದೆಯ ಮೇಲೆ ಅಲ್ಲಿಂದಿಲ್ಲಿಗೆ ಓಡಾಡಿತು. “ನೆಗಡಿ ವಾಸಿ ಆಯ್ತಾ?” ಎಂದು ಕೇಳಿದಳು, ನನ್ನನ್ನೇ, ನನ್ನ ದನಿಯಲ್ಲೇ.

ಅಂಗಡಿ ಮುಚ್ಚಿ ನೇರ ಅಣ್ಣನ ಮನೆಗೆ ಹೋದೆ. ಮೈ ಉರಿಯುತ್ತಿತ್ತು. “ಅತ್ತಿಗೆ, ಕಳ್ಳರು! ನಿಮ್ಮ ಕೆಲಸ ಕದ್ದು ಮಾರ್ತಿದಾರೆ. ಕೇಸ್ ಹಾಕಿ!”

ಅತ್ತಿಗೆ ಬಟ್ಟೆ ಮಡಿಸುತ್ತಿದ್ದರು. ಪೂರ್ತಿ ಕೇಳಿಸಿಕೊಂಡು, “ಕಣ್ಣಲ್ಲೇ ಮಾತಾಡ್ತಾಳಾ?” ಎಂದರು. ಅವರ ಮುಖ ಅರಳಿತ್ತು. ಆಮೇಲೆ, “ಕದ್ದಿಲ್ಲಪ್ಪ. ಮಾರಬಹುದು ಅಂತ ಬರೆದುಕೊಟ್ಟಿರೋಳು ನಾನೇ. ಕೊಡುವಾಗ ಹಾಕಿದ ಷರತ್ತು ನಡೆಸಿಲ್ಲ, ಅದು ತಪ್ಪು. ಅದನ್ನ ನಡೆಸಿ ಅಂತ ಕೇಳೋಣ.”

“ಹಾಗಾದ್ರೆ ಈಗಲೇ ಬರೀರಿ.”

“ಮೊದಲು ನಮ್ಮದು ಸರಿಯಿದೆಯಾ ನೋಡ್ತೀನಿ. ನಾವೂ ಬೇರೆಯವರ ವಸ್ತು ತಗೊಂಡಿದೀವಲ್ಲ.”

ನೋಡಿದರೆ, ಸರಿ ಇರಲಿಲ್ಲ. ಹಲಗೆಯ ಮೊದಲ ಪುಟವನ್ನು ಹಿಂದೆಂದೋ ಹೊಸದಾಗಿ ಜೋಡಿಸಿದಾಗ ಚಿತ್ರಕಲಾ ಶಿಕ್ಷಕಿಯ ಹೆಸರು ಬಿಟ್ಟುಹೋಗಿತ್ತು. ಚಿತ್ರಗಳೆಲ್ಲ ಇದ್ದವು, ಬರೆದವರು ಇರಲಿಲ್ಲ. ಅತ್ತಿಗೆ ಕೆನ್ನೆಗೆ ಕೈಕೊಟ್ಟು ಕೂತರು. “ನನಗೇ ಹೀಗಾದ್ರೆ ಅವರಿಗೆ ಏನಂತ ಹೇಳ್ಲಿ?” ಅಣ್ಣ ತನ್ನ ಹಲಗೆ ಎಳೆದುಕೊಂಡ. “ತಿದ್ದು. ಆಮೇಲೆ. ಜಗಳ.” ಅತ್ತಿಗೆಗೆ ನಗು ಬಂತು. ಹೆಸರು ಮತ್ತೆ ಹಾಕಿದರು, ತಪ್ಪಾಯಿತೆಂದು ಶಿಕ್ಷಕಿಗೆ ಬರೆದರು. ಶಿಕ್ಷಕಿಯ ಉತ್ತರ ಬಂತು, ಒಂದು ಸಾಲೂ ಬೇಸರವಿಲ್ಲದೆ. ಜೊತೆಗೆ ಬದನೆಕಾಯಿಯ ಹೊಸ ಚಿತ್ರ. ಹಳೆಯದು ತಮಗೇ ಹಿಡಿಸಿರಲಿಲ್ಲವಂತೆ.

ಆಮೇಲೆ ಕಂಪನಿಗೆ ಎರಡು ಕಡೆಯಿಂದ ಪತ್ರ ಹೋಯಿತು. ಒಂದು, ಪ್ರೋಗ್ರಾಂ ಬರೆದವರಾಗಿ ಅತ್ತಿಗೆಯದು. ಇನ್ನೊಂದು ತಾತನದು. ಯಂತ್ರ ಕೊಂಡವರಿಗೆ ಅದರ ಮೂಲ ಬರಹ ಕೇಳುವ ಹಕ್ಕಿದೆ ಎಂದು ಅತ್ತಿಗೆ ತಿಳಿಸಿಕೊಟ್ಟಾಗ ತಾತ, “ನಾನು ಕೊಟ್ಟ ದುಡ್ಡಿಗೆ ಅರ್ಧ ಸಾಮಾನು ಅವರ ಹತ್ರಾನೇ ಉಳಿದಿದೆ ಅನ್ನಿ,” ಎಂದಿದ್ದರು. ಲೈಸೆನ್ಸನ್ನು ಅಷ್ಟು ಚೆನ್ನಾಗಿ ನನಗೆ ಯಾರೂ ವಿವರಿಸಿರಲಿಲ್ಲ.

ಕಂಪನಿಯವರು ಬಂದು ಮಾತಾಡಿ ಎಂದರು. ಹೋದೆವು: ಅತ್ತಿಗೆ, ಹಲಗೆ ಹಿಡಿದ ಅಣ್ಣ, ಅವನ ಗಾಲಿಕುರ್ಚಿ ತಳ್ಳುತ್ತ ನಾನು. ಟೈರು ಅಂಗಡಿಯ ಮೇಲಿನ ಮಹಡಿ, ಪುಣ್ಯಕ್ಕೆ ಲಿಫ್ಟಿತ್ತು. ಉದ್ದದ ಮೇಜಿನ ತುಂಬ ಬಿಚ್ಚಿಟ್ಟ ಪರದೆಗಳು, ವೈರಿನ ತುಣುಕುಗಳು, ಬೆಸುಗೆಯ ವಾಸನೆ. ಕಿಟಕಿಯ ಬಳಿ ಕಳಿಸಲು ಸಿದ್ಧವಾದ ಪೆಟ್ಟಿಗೆಗಳ ಸಾಲು. ಅಲ್ಲಿ ಕಂಪನಿಯ ಒಡತಿ ಇದ್ದರು, ಜೊತೆಗೆ ಒಬ್ಬ ಎಂಜಿನಿಯರ್. ನಾನು “ನಮಸ್ಕಾರ” ಎಂದದ್ದೇ ತಡ ಎಂಜಿನಿಯರ್ ಕುರ್ಚಿಯಿಂದ ಎದ್ದುಬಿಟ್ಟ. “ಅಯ್ಯೋ, ಈ ದನಿ ನಿಮ್ಮದಾ? ದಿನಾ ಹತ್ತು ಸಲ ಬೈಸ್ಕೋತೀನಿ ನಿಮ್ಮ ಹತ್ರ!”

ವಿಷಯ ಇಷ್ಟು. ಮಾತಿನ ಪ್ರೋಗ್ರಾಂ ಮಾಡಿಕೊಡಲು ಅವರು ಹೊರಗಿನವರೊಬ್ಬರಿಗೆ ಕೆಲಸ ಒಪ್ಪಿಸಿದ್ದರು. ಆ ಹೊರಗಿನವರು ಅತ್ತಿಗೆಯದನ್ನು ತಂದು, ಷರತ್ತಿನ ಪುಟ ತೆಗೆದುಹಾಕಿ, ಕೊಟ್ಟು ಹೋಗಿದ್ದರು. ಅದರ ಮೇಲೆ ಕಣ್ಣಿನ ಚಲನೆ ಹಿಡಿಯುವ ಭಾಗವನ್ನು ಈ ಎಂಜಿನಿಯರ್ ಬರೆದು ಒಂದಾಗಿ ಹೊಲಿದಿದ್ದ. ಒಳಗಿನದು ಎಲ್ಲಿಂದ ಬಂತೆಂದು ಯಾರೂ ಕೇಳಿರಲಿಲ್ಲ.

“ಗೊತ್ತಿರಲಿಲ್ಲ ಅನ್ನೋದು ನಿಜ,” ಎಂದರು ಒಡತಿ. “ಕೇಳಬೇಕಿತ್ತು ಅನ್ನೋದೂ ನಿಜ. ನಿಮಗೆ ಏನು ಕೊಡಬೇಕು ಹೇಳಿ, ಕೊಡ್ತೀನಿ.”

“ನನಗೆ ಏನೂ ಬೇಡ ಮೇಡಂ. ಕೊಂಡವರಿಗೆ ಕೊಡಿ. ಪ್ರೋಗ್ರಾಂನ ಮೂಲ, ನಿಮ್ಮವರು ಸೇರಿಸಿದ್ದೂ ಸೇರಿ. ಯಾರ‍್ಯಾರು ಬರೆದದ್ದು ಅನ್ನೋ ಹೆಸರು. ಲೈಸೆನ್ಸಿನ ಒಂದು ಪ್ರತಿ.”

“ಕಣ್ಣಿನ ಭಾಗ ನಾವು ಬೆವರು ಸುರಿಸಿ ಮಾಡಿದ್ದು. ಅದನ್ನೂ ಬಿಚ್ಚಿಟ್ಟರೆ ನಾಳೆ ಇನ್ನೊಬ್ಬರು ಎತ್ಕೊಂಡು ಹೋಗ್ತಾರೆ.”

“ಹೋಗಬಹುದು. ಅವರದನ್ನ ಒಂದು ಕೊಂಡ್ರೆ ಅವರು ಮಾಡಿದ ತಿದ್ದುಪಡಿಯೂ ಹೀಗೇ ನಿಮಗೆ ಸಿಗುತ್ತೆ. ಬೇಡ ಅಂದ್ರೆ, ನನ್ನದನ್ನ ತೆಗೆದು ನಿಮ್ಮದೇ ಬರ‍್ಕೊಳ್ಳಿ, ನನ್ನ ತಕರಾರಿಲ್ಲ. ಆದ್ರೆ ಈಗಾಗಲೇ ಕೊಂಡವರಿಗೆ ಕೊಡಬೇಕಾದ್ದು ಕೊಡಲೇಬೇಕು.” ಮೆಲುದನಿಯೇ, ಆದರೆ ಒಂದು ಪದವೂ ತಡವರಿಸಲಿಲ್ಲ. ಮನೆಯಲ್ಲಿ ಉಪ್ಪು ಕೊಡಿ ಎನ್ನಲೂ ಸಂಕೋಚಪಡುವವರು.

ಆಗ ಅಣ್ಣನ ಬೆರಳು ಹಲಗೆಯ ಮೇಲೆ ಆಡತೊಡಗಿತು. ಅವನ ಕೈ ಆಗಲೇ ಸೋಲುತ್ತಿತ್ತು, ಒಂದೊಂದು ಚಿತ್ರಕ್ಕೂ ಹೊತ್ತು ಹಿಡಿಯುತ್ತಿತ್ತು. ಎಲ್ಲರೂ ಕಾದರು. “ನೀವು. ಅಂಗಡಿ. ಮುಚ್ಚಿದರೆ. ಆ ಹುಡುಗಿ. ಬಾಯಿ. ಮುಚ್ಚಬೇಕಾ?”

ಒಡತಿ ಗಲಿಬಿಲಿಯಾಗಿ ನನ್ನ ಕಡೆ ತಿರುಗಿ, “ಛೆ, ಹಾಗಲ್ಲ, ನೀವು ಹಾಗೆ ತಿಳ್ಕೋಬೇಡಿ,” ಎಂದರು. ಅಣ್ಣ ಎಡಗೈಯಿಂದ ಮೇಜು ಗುದ್ದಿದ. ಕೇಳಿದವನು ತಾನು, ಉತ್ತರ ತನಗೆ ಬರಬೇಕು! ಒಡತಿ ತಟ್ಟನೆ ಅವನತ್ತ ತಿರುಗಿ, “ಕ್ಷಮಿಸಿ, ತಪ್ಪಾಯ್ತು,” ಎಂದರು. ಕುರ್ಚಿಯನ್ನು ಅವನ ಕಡೆಗೇ ಎಳೆದುಕೊಂಡು, “ಇಲ್ಲ, ಅವಳು ಬಾಯಿ ಮುಚ್ಚಬಾರದು. ವಕೀಲರನ್ನ ಒಂದು ಮಾತು ಕೇಳ್ತೀನಿ. ಅವರು ಏನೇ ಅಂದ್ರೂ ನಾನು ಓಡಿಹೋಗಲ್ಲ,” ಎಂದರು.

ಓಡಿಹೋಗಲಿಲ್ಲ. ವಕೀಲರು ಅತ್ತಿಗೆ ಹೇಳಿದ್ದನ್ನೇ ಹೇಳಿದರಂತೆ. ಆ ತಿಂಗಳೇ ಕಂಪನಿಯ ಜಾಲತಾಣದಲ್ಲಿ ಎಲ್ಲ ಬಂತು. ಅತ್ತಿಗೆಯದು, ಎಂಜಿನಿಯರನದು, ಎರಡನ್ನೂ ಸೇರಿಸಿ ಯಂತ್ರಕ್ಕೆ ತುಂಬುವ ಬಗೆಯೂ. ಪೆಟ್ಟಿಗೆಯೊಳಗೆ ಒಂದು ಹಾಳೆ, ಪರದೆಯ ಮೇಲೆ ಹೆಸರುಗಳ ಪುಟ. ಹಳೆಯ ಗಿರಾಕಿಗಳಿಗೂ ತಿಳಿಸಿದರು. ಎಂಜಿನಿಯರನಿಗೆ ಒಳಗೊಳಗೇ ಖುಷಿ. ತಾನು ಬರೆದದ್ದರ ಕೆಳಗೆ ಮೊದಲ ಸಲ ಅವನ ಹೆಸರಿತ್ತು.

ತಾತನ ಮೊಮ್ಮಗಳಿಗೆ ದನಿ ಕೊಟ್ಟವಳು ಅವಳ ಅತ್ತೆಯ ಮಗಳು, ಹದಿನಾಲ್ಕರ ಚಿನಕುರಳಿ. ನನ್ನ ಹಿಂದಿನ ಕೋಣೆಗೆ ಮತ್ತೆ ಕಂಬಳಿ ತೂಗುಹಾಕಿದೆವು. ಓದುವವಳು ಆ ಚಿನಕುರಳಿ, ಅಣ್ಣ ಎಡಗೈ ಎತ್ತಿ ಮಾಡುತ್ತಿದ್ದ ಕೆಲಸವನ್ನು ಮೊಮ್ಮಗಳು ಕಣ್ಣಲ್ಲೇ ಮಾಡುತ್ತಿದ್ದಳು. ಎಂಜಿನಿಯರ್ ಬಂದು ಹೊಸ ದನಿ ತುಂಬಿಕೊಟ್ಟ. ಮೊಮ್ಮಗಳು ಅದರಲ್ಲಿ ಆಡಿದ ಮೊದಲ ಮಾತು ತಾತನಿಗೆ, “ನಾನು ಅಂಕಲ್ ಅಲ್ಲ.” ತಾತ ಕನ್ನಡಕ ತೆಗೆದು ಒರೆಸಿದರು. ಗಾಜಿನ ಮೇಲೆ ಧೂಳೇನೂ ಇರಲಿಲ್ಲ; ಹಿಂದಿನ ದಿನವಷ್ಟೇ ನಾನೇ ಹೊಳೆಯುವಂತೆ ಒರೆಸಿಕೊಟ್ಟಿದ್ದೆ. ನನಗೂ ಅಂದು ಏನೋ ಕಳಕೊಂಡಂತೆ ಅನಿಸಿತು ಎಂದರೆ ನಗಬೇಡಿ. ಅಷ್ಟು ದಿನ ಅವಳು ಶಾಲೆಯಲ್ಲಿ ನನ್ನ ಬಾಯಲ್ಲೇ ಮಗ್ಗಿ ಹೇಳುತ್ತಿದ್ದಳು.

ಕಣ್ಣಿನ ಭಾಗ ನಮ್ಮ ಮನೆಗೂ ಬಂತು. ಅತ್ತಿಗೆ ಅದನ್ನು ತಮ್ಮ ಮೂಲಕ್ಕೆ ಸೇರಿಸಿ, ಎಂಜಿನಿಯರನ ಹೆಸರು ಬರೆದು, ಅಣ್ಣನ ಹಲಗೆಗೆ ಹಾಕಿದರು. ಬೆರಳು ಸೋತಿದ್ದವನು ಕಣ್ಣಿಂದ ಮಾತಾಡತೊಡಗಿದ. ಚುರುಕು ಎಷ್ಟು ಬಂತೆಂದರೆ ಮನೆಯಲ್ಲಿ ಯಾರಿಗೂ ಒಂದು ಮಾತು ಪೂರ್ತಿ ಮುಗಿಸಲು ಬಿಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮಂಡಿಗೆ ಕರೆದುಕೊಂಡು ಹೋಗೆಂದು ಹಟ ಹಿಡಿದ. ಹಳೆಯ ಸಂಗಾತಿಗಳೆಲ್ಲ ಸುತ್ತುವರಿದರು. ಒಬ್ಬ ಒಂದು ರಾಶಿ ಈರುಳ್ಳಿ ತೋರಿಸಿ, “ಇದು ನಿಂದು, ಕೂಗಣ್ಣ,” ಎಂದ. ಹಲಗೆಗೆ ಸ್ಪೀಕರ್ ಸಿಕ್ಕಿಸಿದೆವು. ಅವನು ಕೂಗಿದ. ಒಂದು ಬೆಲೆ ಹೇಳಲು ಮೂರು ಉಸಿರಿನಷ್ಟು ಹೊತ್ತು. ಅಷ್ಟೂ ಹೊತ್ತು ಆ ಗದ್ದಲದ ಮಂಡಿಯಲ್ಲಿ ಅವನ ಸುತ್ತ ಒಬ್ಬರೂ ಉಸಿರೆತ್ತಲಿಲ್ಲ. ರಾಶಿ ಒಳ್ಳೆಯ ಬೆಲೆಗೇ ಹೋಯಿತು. ಕೊಂಡವನು ಕುರ್ಚಿ ಹಿಡಿದು ನಿಂತಿದ್ದ ನನ್ನ ಭುಜ ತಟ್ಟಲು ಬಂದವನು, ಮಧ್ಯದಲ್ಲೇ ಕೈ ತಿರುಗಿಸಿ ಅಣ್ಣನ ಭುಜ ತಟ್ಟಿದ. ಅತ್ತಿಗೆ ಸ್ವಲ್ಪ ದೂರದಲ್ಲಿ ಚೀಲ ಹಿಡಿದು, ತರಕಾರಿಗೆ ಬಂದವರ ಹಾಗೆ ನಿಂತಿದ್ದರು. ನಾನು ಹತ್ತಿರ ಹೋಗಿ, “ಅತ್ತಿಗೆ, ಬನ್ನಿ ಮುಂದೆ, ಮಾಡಿದವರು ನೀವು,” ಎಂದೆ. “ನಾನೊಬ್ಬಳೇ ಎಲ್ಲಪ್ಪ ಮಾಡಿದ್ದು,” ಎಂದರು. ಆದರೆ ಬಂದರು. ಸೆರಗು ಸರಿಮಾಡಿಕೊಂಡು, ತಲೆ ಎತ್ತಿಕೊಂಡೇ ಬಂದರು.

ಆ ಕಂಪನಿಯಲ್ಲಿ ಈಗ ಹೊಸಬರು ಕೆಲಸಕ್ಕೆ ಸೇರಿದರೆ ಅತ್ತಿಗೆಯನ್ನು ಒಂದು ದಿನ ಕರೆಸುತ್ತಾರೆ. ಯಾವ ಲೈಸೆನ್ಸಿನಲ್ಲಿ ಏನಿದೆ, ಯಾವುದಕ್ಕೆ ಹೆಸರು ಸಾಕು, ಯಾವುದಕ್ಕೆ ಮೂಲವನ್ನೂ ಕೊಡಬೇಕು ಎಂದು ಹೇಳಿಕೊಟ್ಟು ಬರುತ್ತಾರೆ. ತಮ್ಮದೇ ತಪ್ಪಿನಿಂದ ಶುರುಮಾಡುತ್ತಾರಂತೆ, ಬಿಟ್ಟುಹೋದ ಶಿಕ್ಷಕಿಯ ಹೆಸರಿನಿಂದ. ಕೇಳುವವರಿಗೆ ಅದೇ ಹೆಚ್ಚು ನೆನಪಿರುತ್ತದೆ ಎಂದು ಒಡತಿ ನನಗೆ ಹೇಳಿದರು.

ಮೊನ್ನೆ ಭಾನುವಾರ ಅಣ್ಣನ ಮನೆಗೆ ಹೋದಾಗ ಅತ್ತಿಗೆ ಲ್ಯಾಪ್‌ಟಾಪಿನ ಮುಂದೆ ಕೂತಿದ್ದರು. ಯಾವುದೋ ದೇಶದವರು ಹಲಗೆಯನ್ನು ತಮ್ಮ ಭಾಷೆಗೆ ಮಾಡಿಕೊಂಡು ಹೊರಬಿಟ್ಟಿದ್ದರು. ಕೇಳಲೂ ಇಲ್ಲ, ಹೇಳಲೂ ಇಲ್ಲ. ಕೇಳಬೇಕಾದ್ದೂ ಇರಲಿಲ್ಲ. ಒತ್ತಿದರೆ ಒಬ್ಬ ಮುದುಕಿಯ ದನಿ. ನಮಗೆ ಒಂದಕ್ಷರ ಅರ್ಥವಾಗಲಿಲ್ಲ, ಆದರೂ ಅವಳು ಯಾರನ್ನೋ ಗದರುತ್ತಿದ್ದಾಳೆ ಎಂದು ತಿಳಿಯುತ್ತಿತ್ತು. ಅಣ್ಣ ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದ.

ಅತ್ತಿಗೆ ಮೂಲ ಬರಹ ತೆರೆದು ಮೇಲಿನಿಂದ ಕೆಳಗಿನವರೆಗೆ ಓದಿದರು. ಮುಖದಲ್ಲಿ ನಿಧಾನವಾಗಿ ಒಂದು ನಗು ಹರಡಿತು.

“ಹೆಸರು, ಷರತ್ತು, ಎಲ್ಲ ಸರಿಯಾಗಿ ಕೊಟ್ಟಿದಾರೆ,” ಎಂದರು. “ನನಗಿಂತ ಚೆನ್ನಾಗಿ ಬರೆದಿದಾರೆ ಕಣೋ.”

ಹಾಗೆ ಹೇಳುವಾಗ ಅವರ ದನಿಯಲ್ಲಿದ್ದ ಹೆಮ್ಮೆಯನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ.